ಇಂದಿನ ಚಿಂತನೆ: ಹಳತಾದದ್ದು ಯಾವುದು?



ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕೂ ಎಷ್ಟೋ ವರ್ಷ ಹಿಂದಿನ ನಕ್ಷೆಯಿರುವ ಕಾರು ಮಂಡ್ಯದ ಬೈಪಾಸ್‌ನಲ್ಲಿ ಓಡುವಾಗ, ನ್ಯಾವಿಗೇಶನ್ ಪರದೆಯಲ್ಲಿ ರಸ್ತೆಯೇ ಇಲ್ಲದ ಬಯಲಲ್ಲಿ ಸಾಗಿದಂತೆ ಕಾಣುತ್ತದೆ. ಉಪಗ್ರಹದ ನೆರವಿನಿಂದ ತಿಳಿಯುವುದು ನಾವಿರುವ ಜಾಗ ಮಾತ್ರ. ರಸ್ತೆಗಳಿರುವುದು ಕಾರಿನೊಳಗಿನ ಡಿಸ್ಕ್ ಅಥವಾ ಮೆಮೊರಿ ಕಾರ್ಡಿನಲ್ಲಿ.

ಹಾಗಾದರೆ ಸಾವಿರಾರು ರೂಪಾಯಿ ಸುರಿದು ಇಡೀ ಯಂತ್ರವನ್ನೇ ಬದಲಿಸಬೇಕೆ? ಮೊದಲು ಕೇಳಿಕೊಳ್ಳೋಣ: ಹಳತಾದದ್ದು ಯಂತ್ರವೋ, ನಕ್ಷೆಯೋ? ನಕ್ಷೆಯಷ್ಟೇ ಆದರೆ, ಮನೆಯಲ್ಲೇ ಫೋನಿಗೆ ಇಳಿಸಿಕೊಂಡ ನಕ್ಷೆ ಸಾಲದೆ? ಪರದೆ ಬದಲಿಸಿದರೆ, ಅದಕ್ಕೆ ಜೋಡಿಸಿರುವ ರಿವರ್ಸ್ ಕ್ಯಾಮೆರಾ ಕೆಲಸ ಮಾಡುತ್ತದೆಯೆ?

ಇಷ್ಟಾದ ಮೇಲೂ ಹೊಸದು ಬೇಕೆನಿಸಿದರೆ, ಬೇಕಾಗಿರುವುದು ಪ್ರಯಾಣಕ್ಕೋ, ಕಣ್ಣಿಗೋ? ಇಂದು ಒಂದು ಗಳಿಗೆ ಯೋಚಿಸೋಣ.