ಪೂಜೆಗೆ ಬರುವ ಮಗುವಿಗೊಂದು ಬಟ್ಟೆಯ ಪುಸ್ತಕ

ಓದಿಕೊಳ್ಳಿ: ಸಂತ ಮಾರ್ಕರ ಶುಭಸಂದೇಶ 10:13–16

ಅದೊಂದು ಭಾನುವಾರ. ಫಾದರ್ ಪ್ರಬೋಧನೆ ಆರಂಭಿಸಿದ್ದರು. ನನ್ನ ಹಿಂದಿನ ಬೆಂಚಿನಲ್ಲಿದ್ದ ಎರಡೂವರೆ ವರ್ಷದ ಮಗು ತಾಯಿಯ ಬಳೆ ಎಳೆಯಿತು, ಬೆಂಚು ಹತ್ತಿ ಇಳಿಯಿತು, ಕೊನೆಗೆ ಜೋರಾಗಿ ಅಳತೊಡಗಿತು. ನಾನು ಎರಡು ಸಾರಿ ಹಿಂತಿರುಗಿ ನೋಡಿದೆ. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ, ನನ್ನ ಮುಖವೇ ಎಲ್ಲವನ್ನೂ ಹೇಳಿತ್ತು. ಆ ತಾಯಿ ಮಗುವನ್ನೆತ್ತಿಕೊಂಡು ಹೊರಗೆ ಹೋದಳು.

ಮುಂದಿನ ಮೂರು ಭಾನುವಾರ ಅವಳು ಪೂಜೆಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ವಿಚಾರಿಸಿದೆ. "ಮಗು ಸ್ವಲ್ಪ ದೊಡ್ಡದಾಗಲಿ ಆಂಟಿ, ಆಮೇಲೆ ಬರ್ತೀನಿ. ಎಲ್ಲರಿಗೂ ಯಾಕೆ ತೊಂದರೆ?" ಅಂದಳು. ಆ 'ಎಲ್ಲರ' ಪೈಕಿ ಮೊದಲನೆಯವಳು ನಾನೇ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ, ನನಗಂತೂ ಚೆನ್ನಾಗಿ ನೆನಪಿತ್ತು.

ಅಂದು ರಾತ್ರಿ ಮಾರ್ಕರ ಶುಭಸಂದೇಶ ತೆರೆದೆ. ಮಕ್ಕಳನ್ನು ಯೇಸುಸ್ವಾಮಿಯ ಬಳಿಗೆ ತಂದವರನ್ನು ಗದರಿಸಿದವರು ಯಾರು? ಹೊರಗಿನವರಲ್ಲ, ಸ್ವಾಮಿಯ ಪಕ್ಕದಲ್ಲೇ ಇದ್ದ ಶಿಷ್ಯರು! ಸ್ವಾಮಿ ಕೋಪಗೊಂಡದ್ದು ಮಕ್ಕಳ ಮೇಲಲ್ಲ, ಆ ಶಿಷ್ಯರ ಮೇಲೆ. ಮುಂದಿನ ಬೆಂಚಿನಲ್ಲಿ ಕೂರುವ ನಮ್ಮಂಥವರಿಗೇ ಈ ಮಾತು ಬರೆದಂತಿದೆ, ಅಲ್ಲವೇ?

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ 'ಲೂಮೆನ್ ಜೆನ್ಸಿಯುಂ' ದಸ್ತಾವೇಜು (ಪರಿಚ್ಛೇದ 11) ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಪರಿಗಣಿಸುತ್ತದೆ. ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆತಾಯಿಗಳೇ ಎಂದು ಹೇಳುತ್ತದೆ. ಪೋಪ್ ಫ್ರಾನ್ಸಿಸರು 2014ರ ಜನವರಿಯಲ್ಲಿ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಟ್ಟಾಗ, ಹಸಿದ ಮಗುವಿಗೆ ಅಲ್ಲೇ ಹಾಲುಣಿಸಲು ಸಂಕೋಚಪಡಬೇಡಿ ಎಂದು ತಾಯಂದಿರಿಗೆ ತಿಳಿಸಿದ್ದರು. ಮಗುವಿಗೆ ದೇವಾಲಯದಲ್ಲಿ ಜಾಗವಿದೆ. ಆದರೆ ಒಂದು ಗಂಟೆ ಸುಮ್ಮನೆ ಕೂರುವ ಶಕ್ತಿ ಅದಕ್ಕಿಲ್ಲ. ಅದರ ಕೈಗೆ ಏನಾದರೂ ಕೆಲಸ ಬೇಕು. ಈಗ ಅನೇಕರು ಮೊಬೈಲ್ ಕೊಟ್ಟು ಸುಮ್ಮನಿರಿಸುತ್ತಾರೆ. ಮಗು ಸುಮ್ಮನಾಗುತ್ತದೆ ನಿಜ, ಆದರೆ ಪೂಜೆಯಿಂದ ದೂರವೂ ಆಗುತ್ತದೆ. ಅದರ ಬದಲು ಫೆಲ್ಟ್ ಬಟ್ಟೆಯಲ್ಲಿ ಒಂದು ಪುಸ್ತಕ ಹೊಲಿದು ಕೊಡಬಾರದೇಕೆ ಎಂದು ನನಗನ್ನಿಸಿತು.

ಬೇಕಾಗುವ ಸಾಮಾನು

ಫೆಲ್ಟ್ ಎಂದರೆ ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಹೆಣೆದುಕೊಳ್ಳುವಂತೆ ಮಾಡಿದ್ದು. ಆದ್ದರಿಂದ ಕತ್ತರಿಸಿದಲ್ಲಿ ದಾರ ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಿಸಿ ಹೊಲಿಯಬೇಕಾಗಿಲ್ಲ. ಹೊಲಿಗೆಗೆ ಹೊಸಬರಿಗೂ ಇದು ಸುಲಭ. ಕರಕುಶಲ ಸಾಮಾನಿನ ಅಂಗಡಿಗಳಲ್ಲಿ ಎ-4 ಅಳತೆಯ ಬಣ್ಣದ ಹಾಳೆಗಳಾಗಿ ಸಿಗುತ್ತದೆ. ಮೃದುವಾದದ್ದನ್ನೇ ಆರಿಸಿ. ಪುಟಗಳಿಗೆ ಎಂಟು ಹಾಳೆ, ಚಿತ್ರಗಳಿಗೆ ಬೇರೆ ಬೇರೆ ಬಣ್ಣದ ನಾಲ್ಕೈದು ಹಾಳೆ, ಕಸೂತಿ ದಾರ, ಸೂಜಿ, ಚೂಪಾದ ಕತ್ತರಿ, ಒಂದು ಮೀಟರ್ ರಿಬ್ಬನ್, ಕೆಲವು ದೊಡ್ಡ ಗುಂಡಿ. ಇಷ್ಟು ಸಾಕು.

ಹೊಲಿಯುವ ಕ್ರಮ

1. ಎಂಟೂ ಹಾಳೆಗಳಿಂದ 20 ಸೆಂ.ಮೀ. ಚೌಕ ಕತ್ತರಿಸಿ. ಪ್ರತಿ ಹಾಳೆಯಲ್ಲೂ ಉಳಿಯುವ 9 ಸೆಂ.ಮೀ. ಪಟ್ಟಿಯನ್ನು ಎಸೆಯಬೇಡಿ, ಚಿತ್ರಗಳಿಗೆ ಬರುತ್ತದೆ.

2. ಚಿತ್ರಗಳನ್ನು ಮೊದಲು ಕಾಗದದ ಮೇಲೆ ಬರೆದು ಕತ್ತರಿಸಿ, ಅದನ್ನಿಟ್ಟು ಫೆಲ್ಟ್ ಕತ್ತರಿಸಿ. ಕಟ್ಟುವ ಬದಿಯಲ್ಲಿ 3 ಸೆಂ.ಮೀ. ಖಾಲಿ ಬಿಟ್ಟು ಪುಟದ ಮೇಲೆ ಹೊಲಿಯಿರಿ. ಗೋಂದು ಬೇಡ. ಮಕ್ಕಳು ಎಳೆದಾಡುವಾಗ ಕಿತ್ತುಬರುತ್ತದೆ.

3. ಎಲ್ಲಾ ಚಿತ್ರ ಹೊಲಿದಾದ ಮೇಲೆಯೇ ಎರಡೆರಡು ಚೌಕಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಸುತ್ತಲೂ ಕಂಬಳಿಯ ಅಂಚಿಗೆ ಹಾಕುವಂಥ ಹೊಲಿಗೆ ಹಾಕಿ. ಹಿಂಬದಿಯ ಗಂಟುಗಳೆಲ್ಲ ಒಳಗೆ ಅಡಗುತ್ತವೆ. ಹೀಗೆ ನಾಲ್ಕು ಎಲೆಗಳಾಗುತ್ತವೆ: ಮುಂದೆ ಹಿಂದೆ ರಕ್ಷಾಪುಟ, ಒಳಗೆ ಆರು ಪುಟ.

4. ಬಿಟ್ಟ ಅಂಚಿನಲ್ಲಿ ಮೂರು ತೂತು ಮಾಡಿ, ಗುಂಡಿಮನೆಯಂತೆ ಸುತ್ತ ಹೊಲಿದು, ರಿಬ್ಬನ್ ತುಂಡುಗಳಿಂದ ಕಟ್ಟಿ, ಗಂಟಿನ ಮೇಲೂ ಎರಡು ಹೊಲಿಗೆ ಹಾಕಿ. ಮುಂದೆ ಹೊಸ ಪುಟ ಸೇರಿಸಲು ಅನುಕೂಲ.

ಆರು ಪುಟಗಳು

*ದೇವಾಲಯ:* ಬಾಗಿಲಿಗೆ ದೊಡ್ಡ ಗುಂಡಿ. ಬಿಚ್ಚಿದರೆ ಒಳಗೆ ಪ್ರಸಾದ ಪೆಟ್ಟಿಗೆ, ಅದರ ಬಳಿ ಕೆಂಪು ದೀಪ. ನಿಜವಾದ ದೀಪ ಎಲ್ಲಿದೆಯೆಂದು ಮಗು ಹುಡುಕಲಿ.

*ನೋಹನ ನಾವೆ:* ನಾವೆಯೇ ಒಂದು ಜೇಬು. ಆನೆ, ಹಸು, ಪಾರಿವಾಳಗಳ ಜೋಡಿ ಹೊಂದಿಸಿ ಒಳಗೆ ಸೇರಿಸಬೇಕು.

*ಐದು ರೊಟ್ಟಿ, ಎರಡು ಮೀನು:* ಬುಟ್ಟಿಯಾಕಾರದ ಜೇಬು. ಎಣಿಸಿ ಹಾಕುವುದು, ಎಣಿಸಿ ತೆಗೆಯುವುದು. ಈ ಅದ್ಭುತ ನಾಲ್ಕೂ ಶುಭಸಂದೇಶಗಳಲ್ಲಿದೆ, ಆದರೆ ಆ ರೊಟ್ಟಿ ಮೀನು ಒಬ್ಬ ಹುಡುಗನ ಬಳಿಯಿದ್ದವು ಎಂದು ಹೇಳುವವರು ಸಂತ ಯೊವಾನ್ನರು ಮಾತ್ರ (6:9). ಮಗುವಿಗೆ ಇದನ್ನು ತಪ್ಪದೆ ಹೇಳಿ. ಚಿಕ್ಕವರ ಕೈಯಿಂದಲೂ ಸ್ವಾಮಿ ಕೇಳಿ ಪಡೆಯುತ್ತಾರೆ.

*ಫಾದರ್ ಅವರ ಪೂಜಾವಸ್ತ್ರ:* ಈ ಪುಟವೇ ಪುಸ್ತಕದ ಜೀವಾಳ. ಬಿಳಿ ನಿಲುವಂಗಿ ತೊಟ್ಟ ಗುರುವಿನ ಚಿತ್ರ, ಜೇಬಿನಲ್ಲಿ ನಾಲ್ಕು ಬಣ್ಣದ ಮೇಲುವಸ್ತ್ರ. ಸಾಧಾರಣ ಕಾಲಕ್ಕೆ ಹಸಿರು, ಆಗಮನ ಕಾಲಕ್ಕೂ ತಪಸ್ಸು ಕಾಲಕ್ಕೂ ನೇರಳೆ, ಕ್ರಿಸ್ತಜಯಂತಿ ಹಾಗೂ ಪಾಸ್ಖ ಕಾಲಕ್ಕೆ ಬಿಳಿ, ಗರಿಗಳ ಭಾನುವಾರ, ಶುಭ ಶುಕ್ರವಾರ, ಪೆಂತೆಕೊಸ್ತ್ ಮತ್ತು ರಕ್ತಸಾಕ್ಷಿಗಳ ಹಬ್ಬಕ್ಕೆ ಕೆಂಪು. ಫೆಲ್ಟಿಗೆ ಫೆಲ್ಟ್ ತಾನಾಗಿ ಹತ್ತಿಕೊಳ್ಳುವುದರಿಂದ ಹೊಲಿಯಬೇಕಾಗಿಲ್ಲ. ಇಂದು ಯಾವ ಬಣ್ಣ ಎಂದು ತಿಳಿಯಲು ಮಗು ಬಲಿಪೀಠದ ಕಡೆ ನೋಡಲೇಬೇಕು!

*ಜಪಸರ:* ಎರಡೂ ತುದಿ ಭದ್ರವಾಗಿ ಹೊಲಿದ ರಿಬ್ಬನ್ನಿನಲ್ಲಿ ಹತ್ತು ದೊಡ್ಡ ಮರದ ಮಣಿ. ಮೂರು ವರ್ಷ ತುಂಬದ ಮಗುವಾದರೆ ಮಣಿಯ ಬದಲು ಬೆರಳಿಟ್ಟು ಎಣಿಸುವಂತೆ ಹತ್ತು ಫೆಲ್ಟ್ ಬಿಲ್ಲೆ ಹೊಲಿಯಿರಿ.

*ಗೋದಲಿ:* ಮರಿಯಮ್ಮ, ಜೋಸೆಫರ ನಡುವೆ ಖಾಲಿ ಮೇವುತೊಟ್ಟಿ. ಬಾಲಯೇಸುವನ್ನು ಮಗುವೇ ಮಲಗಿಸಿ ಹೊದಿಸಬೇಕು.

ಎಚ್ಚರಿಕೆಗಳು

ಮೂರು ವರ್ಷದೊಳಗಿನ ಮಕ್ಕಳು ಎಲ್ಲವನ್ನೂ ಬಾಯಿಗಿಡುತ್ತಾರೆ. ಅವರಿಗೆ ಬಿಡಿಯಾಗಿ ಕೊಡುವ ಯಾವ ತುಂಡೂ 4 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಗುಂಡಿಯನ್ನು ಗಟ್ಟಿ ದಾರದಿಂದ ಹಲವು ಸುತ್ತು ಹೊಲಿದು, ಪ್ರತಿ ವಾರ ಎಳೆದು ನೋಡಿ. ಅಯಸ್ಕಾಂತ ಬೇಡವೇ ಬೇಡ. ಎರಡನ್ನು ನುಂಗಿದರೆ ಕರುಳಿನೊಳಗೆ ಒಂದನ್ನೊಂದು ಸೆಳೆದು ಪ್ರಾಣಾಪಾಯವಾಗಬಹುದು. ಒಂದು ಗೇಣಿಗಿಂತ ಉದ್ದದ ದಾರ ಸಡಿಲವಾಗಿ ನೇತಾಡಬಾರದು. ಹೊಲಿಗೆ ಮುಗಿದಾಗ ಸೂಜಿ, ಗುಂಡುಸೂಜಿಗಳನ್ನು ಎಣಿಸಿ ಎತ್ತಿಡಿ. ವೆಲ್ಕ್ರೋ ಪಟ್ಟಿ, ಗೆಜ್ಜೆ ಕೂಡ ಬೇಡ. ಪ್ರಬೋಧನೆಯ ಮಧ್ಯೆ 'ಚರ್ರ್' ಎಂದರೆ ನನ್ನಂಥ ಇನ್ನೊಬ್ಬಳು ಹಿಂತಿರುಗಿ ನೋಡಿಯಾಳು!

ಕೊಳೆಯಾದರೆ ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ಒಗೆಯಿರಿ. ಹಿಂಡದೆ, ಹರಡಿ, ನೆರಳಿನಲ್ಲಿ ಒಣಗಿಸಿ. ಬಿಸಿ ಇಸ್ತ್ರಿ ಸೋಕಿಸಬೇಡಿ.

ಬಳಸುವ ಬಗೆ

ಈ ಪುಸ್ತಕ ಪೂಜೆಗೆ ಮಾತ್ರ ಮೀಸಲಿರಲಿ. ದಿನವೂ ಸಿಕ್ಕರೆ ಹಳತಾಗುತ್ತದೆ. ಶನಿವಾರ ಸಂಜೆ ಕುಟುಂಬ ಪ್ರಾರ್ಥನೆಯ ನಂತರ ಒಂದು ಪುಟದ ಕಥೆ ಹೇಳಿ. ಭಾನುವಾರ ಸಾಧ್ಯವಾದರೆ ಮುಂದೆಯೇ ಕುಳಿತುಕೊಳ್ಳಿ. ದೊಡ್ಡವರ ಬೆನ್ನು ಬಿಟ್ಟು ಬೇರೇನೂ ಕಾಣದ ಮಗು ಗಲಾಟೆ ಮಾಡದೆ ಇನ್ನೇನು ಮಾಡೀತು? ವಾಚನ, ಪ್ರಬೋಧನೆಗಳ ವೇಳೆ ಪುಸ್ತಕ ಕೊಡಿ. ಫಾದರ್ ರೊಟ್ಟಿಯನ್ನು ಮೇಲೆತ್ತುವಾಗ ಮೆಲ್ಲಗೆ ಮುಚ್ಚಿ, ಕಿವಿಯಲ್ಲಿ "ಅಲ್ಲಿ ನೋಡು, ಯೇಸುಸ್ವಾಮಿ" ಅನ್ನಿ. ಎರಡು ವರ್ಷದ ಮಗು ಬಾಗಿಲು ತೆರೆದು ಮುಚ್ಚೀತು, ನಾಲ್ಕರ ಮಗು ರೊಟ್ಟಿ ಎಣಿಸೀತು, ಆರರ ಮಗು ತಮ್ಮನಿಗೆ ಕಥೆ ಹೇಳೀತು. ಅಷ್ಟಾದರೂ ಅತ್ತರೆ ಹೊರಗೆ ಕರೆದೊಯ್ದು ಸಮಾಧಾನಪಡಿಸಿ, ಮತ್ತೆ ಒಳಗೆ ಬನ್ನಿ. ಮತ್ತೆ ಒಳಗೆ ಬರುವುದೇ ಮುಖ್ಯ.

ತಾಯಿಯೊಬ್ಬಳೇ ಹೊಲಿಯಬೇಕೆಂದಿಲ್ಲ. ಅಪ್ಪ ಕತ್ತರಿಸಲಿ, ಅಜ್ಜಿ ಹೊಲಿಯಲಿ, ಅಕ್ಕ ಬಣ್ಣ ಆರಿಸಲಿ. ಆಗಮನ ಕಾಲಕ್ಕೆ ನಾಲ್ಕು ಭಾನುವಾರ, ಪುಸ್ತಕಕ್ಕೆ ನಾಲ್ಕು ಎಲೆ. ವಾರಕ್ಕೊಂದರಂತೆ ಹೊಲಿದರೆ ಕ್ರಿಸ್ತಜಯಂತಿಗೆ ಸಿದ್ಧ.

ನಾನು ಹೊಲಿದ ಮೊದಲ ಪುಸ್ತಕವನ್ನು ಆ ತಾಯಿಯ ಮನೆಗೆ ಒಯ್ದೆ. "ಅವತ್ತು ತಿರುಗಿ ನೋಡಿದ್ದು ನಾನೇ, ತಪ್ಪಾಯಿತಮ್ಮ" ಅಂದೆ. ಪುಸ್ತಕ ಹೊಲಿಯುವುದಕ್ಕಿಂತ ಆ ಮಾತು ಹೇಳುವುದೇ ಕಷ್ಟವಾಗಿತ್ತು. ಮುಂದಿನ ಭಾನುವಾರ ಅವಳು ಬಂದಳು, ನನ್ನ ಪಕ್ಕದಲ್ಲೇ ಕುಳಿತಳು. ಪ್ರಬೋಧನೆಯ ನಡುವೆ ಮಗು ಹಸಿರು ವಸ್ತ್ರವನ್ನು ಎತ್ತಿ ಹಿಡಿದು, "ಫಾದರ್‌ದು! ಫಾದರ್‌ದು!" ಎಂದು ಕೂಗಿತು. ಎಲ್ಲರೂ ತಿರುಗಿ ನೋಡಿದರು. ಈ ಸಾರಿ ನಾನು ನಕ್ಕೆ. ಅವಳೂ ನಕ್ಕಳು.

ಮನೆಯಲ್ಲಿ ಚರ್ಚಿಸಲು

1. ನಮ್ಮ ನೋಟದಿಂದ ಯಾರಾದರೂ ದೇವಾಲಯದಿಂದ ದೂರವಾಗಿದ್ದಾರೆಯೇ?

2. ನಮ್ಮ ಧರ್ಮಕೇಂದ್ರದಲ್ಲಿ ಎಳೆಯ ಮಕ್ಕಳ ತಾಯಂದಿರಿಗೆ ನಾವು ಹೇಗೆ ನೆರವಾಗಬಹುದು?

ಪ್ರಾರ್ಥನೆ: ಮಕ್ಕಳನ್ನು ಅಪ್ಪಿಕೊಂಡ ಪ್ರಭುವೇ, ಅವರ ದಾರಿಗೆ ಅಡ್ಡ ನಿಲ್ಲದ ಮನಸ್ಸನ್ನೂ, ಅವರನ್ನು ನಿಮ್ಮೆಡೆಗೆ ಕರೆತರುವ ಕೈಗಳನ್ನೂ ನಮಗೆ ಅನುಗ್ರಹಿಸಿರಿ. ಆಮೆನ್.