ಬೇರುಶಿಲೀಂಧ್ರ ಮತ್ತು ಸೊಪ್ಪಿನ ಬೆಳೆಗಳ ತಾಪಸಹಿಷ್ಣುತೆ

ಸಸ್ಯದ ಬೇರು ಮತ್ತು ಶಿಲೀಂಧ್ರ ಪರಸ್ಪರ ಉಪಕರಿಸುತ್ತ ಬಾಳುವ ಸಹಜೀವನಕ್ಕೆ ಮೈಕೊರೈಜಾ ಎಂದು ಹೆಸರು. ಈ ಪದವನ್ನು 1885ರಲ್ಲಿ ಜರ್ಮನಿಯ ಎ.ಬಿ. ಫ್ರಾಂಕ್ ಬಳಕೆಗೆ ತಂದರೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಇದರ ಸಂಶೋಧನೆಯನ್ನು ಬೆಳೆಸಿದರು. ಬೆಂಗಳೂರಿನ ಜೆ.ಪಿ. ನಗರದ ತಾರಸಿ ತೋಟಗಳಲ್ಲಿ ಏಪ್ರಿಲ್ ಬಿಸಿಲಿಗೆ ಕುಂಡದ ಮಣ್ಣು ಕಾದು ಮೆಂತ್ಯ, ಕೊತ್ತಂಬರಿ ಬಾಡುವಾಗ, ಬೇರುರೋಮಗಳೂ ತಲುಪದ ಮಣ್ಣಿನ ಸಂದುಗಳಿಗೆ ಚಾಚುವ ಹೈಫೆ ಎಂಬ ಶಿಲೀಂಧ್ರದ ಎಳೆಗಳು ನೀರನ್ನೂ ರಂಜಕವನ್ನೂ ಒದಗಿಸುವುದರಿಂದ, ಪತ್ರರಂಧ್ರಗಳು ಹೆಚ್ಚು ಹೊತ್ತು ತೆರೆದಿದ್ದು, ಬಾಷ್ಪವಿಸರ್ಜನೆಯಿಂದ, ಅಂದರೆ ನೀರು ಆವಿಯಾಗಿ ಹೊರಹೋಗುವುದರಿಂದ, ಎಲೆ ತಂಪಾಗುತ್ತದೆ. ಪ್ರತಿಯಾಗಿ ಸಸ್ಯವು ಸಕ್ಕರೆಯನ್ನು ನೀಡುತ್ತದೆ. ಪರೀಕ್ಷಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದೆಂದರೆ, ದಂಟು, ಪಾಲಕ್, ಸಾಸಿವೆ ಸೊಪ್ಪುಗಳು ಸಾಮಾನ್ಯವಾಗಿ ಈ ನಂಟನ್ನು ಬೆಳೆಸುವುದಿಲ್ಲವಾದ್ದರಿಂದ, ಎಲ್ಲ ಸೊಪ್ಪಿಗೂ ಒಂದೇ ಶಿಲೀಂಧ್ರ ಗೊಬ್ಬರವನ್ನು ಸೂಚಿಸುವುದು ಸರಿಯಲ್ಲ. ಆದರೆ ಥಾರ್ ಮರುಭೂಮಿಯಲ್ಲಿ ದೊರೆತ ಪಿರಿಫಾರ್ಮೊಸ್ಪೊರಾ ಇಂಡಿಕಾ ಎಂಬ ಶಿಲೀಂಧ್ರ ಸಾಸಿವೆ ಕುಟುಂಬದ ಬೇರುಗಳಲ್ಲೂ ನೆಲೆಸಬಲ್ಲದು.