ಸುಣ್ಣದಕಲ್ಲಿನ ಚಿಪ್ಪು ಯಾರದು?

ತಮಿಳುನಾಡಿನ ಅರಿಯಲೂರಿಗೆ ಹೋದವರೆಲ್ಲ ಸಿಮೆಂಟ್ ಲಾರಿಗಳ ದೂಳು ಕುಡಿದೇ ಬರುತ್ತಾರೆ. ಅಲ್ಲಿನ ಕಲ್ಲಂಕುರಿಚ್ಚಿ ಸುಣ್ಣದಕಲ್ಲು ಸುಮಾರು 7 ಕೋಟಿ ವರ್ಷದ ಹಿಂದಿನ ಕಡಲತಳ, ತುಂಬ ಚಿಪ್ಪು. ಸಿಕ್ಕಿದ್ದನ್ನು ಗುರುತಿಸಲು ಇಷ್ಟು ಮಾಡಿ.

1. ಹೆಸರಿಗಿಂತ ಮೊದಲು ಚೀಟಿ. ಯಾವ ಜಾಗ, ಯಾವ ಪದರ, ಯಾವ ದಿನ ಎಂದು ಅಲ್ಲೇ ಬರೆಯಿರಿ. ಊರು ಗೊತ್ತಿಲ್ಲದ ಪಳೆಯುಳಿಕೆ ಶೋಕೇಸಿಗೆ ಮಾತ್ರ ಲಾಯಕ್ಕು. ಗಣಿಯೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ.

2. ಹತ್ತು ಪಟ್ಟು ಹಿಗ್ಗಿಸುವ ಮಸೂರ, ಹಳೇ ಟೂತ್‌ಬ್ರಷ್, ನೀರು ಸಾಕು. ಒದ್ದೆ ಮಾಡಿದರೆ ಮಸುಕು ಗೆರೆಗಳು ಎದ್ದು ಕಾಣುತ್ತವೆ. ಉಬ್ಬುತಗ್ಗು ನೋಡಲು ಒಣಗಿಸಿ, ಟಾರ್ಚನ್ನು ಪಕ್ಕದಿಂದ ಹಾಯಿಸಿ. ವಿನೆಗರ್, ನಿಂಬೆರಸ ಮುಟ್ಟಬೇಡಿ. ಕಲ್ಲನ್ನು ಕರಗಿಸುವ ಹುಳಿ ಚಿಪ್ಪನ್ನೂ ಬಿಡದು.

3. ಎರಡು ಚಿಪ್ಪಿನ ಜೀವಿಯೇ? ಹೊಸಬರೆಲ್ಲ ಎಡವುವುದು ಇಲ್ಲಿ. ಒಂದೇ ಚಿಪ್ಪಿನ ನಡುವೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಎಡಬಲ ಸರಿಸಮ ಇದ್ದು, ಮೇಲಿನ ಚಿಪ್ಪು ಕೆಳಗಿನದಕ್ಕಿಂತ ಬೇರೆಯಾಗಿದ್ದರೆ ಬ್ರಾಕಿಯೊಪಾಡ್ ಎಂಬ ಕಡಲಜೀವಿ. ಒಂದೊಂದು ಚಿಪ್ಪೂ ಓರೆಯಾಗಿದ್ದು, ಎರಡೂ ಕನ್ನಡಿಯ ಬಿಂಬದಂತಿದ್ದರೆ ನಮ್ಮ ಕಪ್ಪೆಚಿಪ್ಪಿನ ಬಳಗ. ಸಿಂಪಿಗಳು ಮಾತ್ರ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಅರಿಯಲೂರಿನಲ್ಲಿ ರಾಶಿ ಬಿದ್ದಿರುವ ಗ್ರೈಫಿಯಾ ಅಂಥದೇ ಸಿಂಪಿ: ಒಂದು ಚಿಪ್ಪು ಬಟ್ಟಲು, ಇನ್ನೊಂದು ಮುಚ್ಚಳ.

4. ಐದನ್ನು ಹುಡುಕಿ. ಐದು ದಳದ ಗುರುತಿದ್ದರೆ ಕಡಲ ಮುಳ್ಳುಚೆಂಡಿನ ಕುಲವಿರಬಹುದು. ಆ ಕುಲದ ಚೂರು ಮುರಿದಾಗ ಹರಳಿನಂತೆ ನುಣುಪಾಗಿ ಮಿನುಗುತ್ತದೆ.

5. ಜಾಲರಿ ಅಥವಾ ಕೊಂಬೆಯ ಮೇಲೆ ಸೂಜಿಮೊನೆಯಷ್ಟು ತೂತುಗಳಿದ್ದರೆ ಬ್ರೈಯೊಜೋವಾ ಎಂಬ ಪುಟ್ಟ ಕಡಲಜೀವಿಗಳ ಗೂಡು. ತೂತು ದೊಡ್ಡದಿದ್ದು ಒಳಗೆ ಚಕ್ರದ ಅರಗಳಂತೆ ಗೋಡೆಗಳಿದ್ದರೆ ಹವಳ.

6. ಸುರುಳಿಯಾಗಿದ್ದರೆ ದೇವರ ಮನೆಯ ಸಾಲಿಗ್ರಾಮ ನೆನೆಯಿರಿ. ಅದರ ಚಕ್ರ ಅಮೊನೈಟ್ ಎಂಬ ಅಳಿದುಹೋದ ಕಡಲಜೀವಿಯದು. ಒಳಗೆ ಅಡ್ಡಗೋಡೆಗಳಿದ್ದರೆ ಅಮೊನೈಟ್ ಇರಬಹುದು, ಇಲ್ಲದಿದ್ದರೆ ಬಹುಶಃ ಬಸವನಹುಳು.

7. ಬಿರುಕಿನಲ್ಲಿ ಜರೀಗಿಡದಂಥ ಕಪ್ಪು ಚಿತ್ತಾರ ಕಂಡರೆ ಕುಣಿಯಬೇಡಿ. ಅದು ಸಾಮಾನ್ಯವಾಗಿ ಮ್ಯಾಂಗನೀಸಿನ ಕೈಚಳಕ. ಮನೆಯ ಶಹಾಬಾದ್ ನೆಲಹಾಸಿನಲ್ಲಂತೂ ಚಿಪ್ಪು ಹುಡುಕಲೇಬೇಡಿ. ಚಿಪ್ಪಿನ ಜೀವಿಗಳು ಹುಟ್ಟುವ ಮೊದಲೇ ಆ ಕಲ್ಲು ಹುಟ್ಟಿತ್ತು.

8. ಜಾತಿಯ ಹೆಸರು ಕೊನೆಗೆ. ದಕ್ಷಿಣ ಭಾರತದ ಈ ಜೀವಿಗಳ ಬಗ್ಗೆ ಪಳೆಯುಳಿಕೆ ತಜ್ಞ ಫರ್ಡಿನಾಂಡ್ ಸ್ಟೊಲಿಚ್ಕಾ 1860–70ರ ದಶಕಗಳಲ್ಲಿ ಬರೆದ ಸಂಪುಟಗಳ ಚಿತ್ರಗಳೊಂದಿಗೆ ಹೋಲಿಸಿ. ತಾಳೆಯಾಗದಿದ್ದರೆ ಚೀಟಿಯಲ್ಲಿ ‘ಬ್ರೈಯೊಜೋವಾ, ಕೊಂಬೆಯಾಕಾರ’ ಎಂದಷ್ಟೇ ಬರೆದು ಡಬ್ಬಿ ಮುಚ್ಚಿ.